ನೆರಿಗೆ ಹಿಂದೆ

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಇಳಿಜಾರಿಗೆ ಬಂದರೆ
ಬೇಕರಿಯ ಮೇಲಿನ ಮಹಡಿ, ಹದಿಮೂರು ಮೆಟ್ಟಿಲು,
ರೆಜಿನಾ ಟೈಲರ್ಸ್.
ಬೋರ್ಡಿನ ‘ಟೈ’ ಅಳಿಸಿ ಆರು ಮಳೆಗಾಲ, ಈಗ ಬರೀ ‘ಲರ್ಸ್’.
ಹತ್ತಿ ಬಂದವರು ಏದುಸಿರು ಬಿಡುತ್ತಲೇ ಅನ್ನುವುದು:
‘ಅಂಗಡಿ ಇಷ್ಟೇ ಇಷ್ಟಿದ್ದರೂ ಕೈ ಚೆನ್ನಾಗಿದೆ ನಿಂದು.’

ಇದ್ದರೂ. ಆದರೂ. ಅಲ್ಲದಿದ್ದರೂ.
ಇಪ್ಪತ್ತೆರಡು ವರ್ಷದಲ್ಲಿ ನಾನು ಅಳತೆ ಹಿಡಿದದ್ದು
ಸೊಂಟಗಳಿಗಿಂತ ಈ ‘ರೂ’ಗಳನ್ನೇ ಹೆಚ್ಚು.
ಎಸ್ಸೆಸ್ಸೆಲ್ಸಿ ಫೇಲಾದರೂ ಲೆಕ್ಕ ಪಕ್ಕಾ.
ಕಪ್ಪಾದರೂ ಕಳೆಯಿದೆ.
ಗಂಡ ಬಿಟ್ಟುಹೋದರೂ ನಗುನಗುತ್ತ ಇದ್ದೀಯ, ಮೆಚ್ಚಬೇಕು.

ಇಲ್ಲಿನ ಸೀರೆಗೆ ನೆರಿಗೆ ಹಿಂದೆ.
ಎದುರಿನಿಂದ ನೋಡಿದರೆ ಸಪಾಟು, ಸುಕ್ಕಿಲ್ಲ,
ಸೆರಗು ಎಡ ಕಂಕುಳಡಿ ಹಾದು ಬಲ ಹೆಗಲಿಗೆ ಕೂತರೆ ಮುಗಿಯಿತು.
ಮಡಿಕೆಯೆಲ್ಲ ಬೆನ್ನ ಕಡೆ. ಉಟ್ಟವಳಿಗೂ ಕಾಣದು.
ಎಷ್ಟಿವೆ, ಯಾವುದು ಸಡಿಲ,
ಉಡಿಸಿದವಳ ಬೆರಳಿಗೆ ಮಾತ್ರ ಗೊತ್ತು.
ಅದಕ್ಕೇ ಯಾರು ಹೊಗಳಿದರೂ ನಾನು
ಆ ಮಾತನ್ನು ಒಂದು ಸುತ್ತು ಬಂದು ಹಿಂದಿನಿಂದ ನೋಡುತ್ತೇನೆ.

ಅವತ್ತು ಬಿಟ್ಟಂಗಾಲದಲ್ಲಿ ಮದುವೆ. ಕೆಂಪು ರೇಷ್ಮೆ.
ಹುಡುಗಿಗೆ ಜ್ವರ ಬಿಟ್ಟವಳ ಹಾಗೆ ಬೆವರು,
ನನ್ನ ತುಟಿಗಳ ನಡುವೆ ಏಳು ಗುಂಡುಪಿನ್ನು.
ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ಬೋಜಮ್ಮ, ಹುಡುಗಿಯ ದೊಡ್ಡಮ್ಮ,
ಮನಸಾರೆ ಅಂದರು (ಮನಸಾರೆಯೇ, ಕಷ್ಟ ಇರುವುದು ಅಲ್ಲೇ):
‘ನಮ್ಮವಳಲ್ಲದಿದ್ದರೂ ನಮ್ಮವರಿಗಿಂತ ಚೆಂದ ಉಡಿಸ್ತೀಯಲ್ಲೇ ರೆಜಿ.’

ಬಾಯಲ್ಲಿ ಪಿನ್ನಿರುವಾಗ ಉತ್ತರ ಕೊಡಬೇಡ, ನುಂಗಿಬಿಡ್ತೀಯ
ಅಂತಿದ್ದಳು ಕೆಲಸ ಕಲಿಸಿದ ಅಮ್ಮ.
ಪಿನ್ನು ನುಂಗಲಿಲ್ಲ.
ನನ್ನಜ್ಜಿಯನ್ನು ಮಣ್ಣು ಮಾಡಿದ್ದು ಇದೇ ಊರಲ್ಲಿ,
ನನಗೆ ದಾರಿ ಗೊತ್ತಿರುವ ಬೇರೆ ಊರೇ ಇಲ್ಲ,
ಅಂತ ಅನ್ನಬೇಕಿತ್ತು. ಅಂದದ್ದು ‘ಊಂ’.

ತಿರುಗಿಸಿ ಕೊಡಲು ಬರುವುದಿಲ್ಲ ಅಂತಲ್ಲ.
ಹಿಂದೊಮ್ಮೆ ಒಬ್ಬಳಿಗೆ ಕೊಟ್ಟಿದ್ದೆ:
‘ಇಷ್ಟು ದಪ್ಪಗಿದ್ದರೂ ರವಿಕೆ ಹೇಗೆ ಕೂತಿದೆ ನೋಡಿ.’
ಎರಡು ಕ್ಷಣ ನಾಲಗೆ ಮೇಲೆ ಜೇನು.
ಆಮೇಲೆ ಅವಳು ಕನ್ನಡಿಯೆದುರು ತೋಳು ಎಳೆದೆಳೆದು ನೋಡಿಕೊಂಡದ್ದು,
ಚಿಲ್ಲರೆ ತೆಗೆದುಕೊಳ್ಳದೆ ಮೆಟ್ಟಿಲಿಳಿದದ್ದು.
ಆ ರವಿಕೆ ಅವಳ ಮೈಮೇಲೆ ಮತ್ತೆ ನಾನು ಕಂಡಿಲ್ಲ.
ನನ್ನ ಒಳ್ಳೆಯ ಹೊಲಿಗೆಗಳಲ್ಲಿ ಅದೂ ಒಂದು.

ಮದುವೆಯ ರಾತ್ರಿ ಪಾತ್ರೆ ತೊಳೆಯುವಾಗ ಉತ್ತರಗಳು ಬಂದವು,
ಕೊನೇ ಬಸ್ಸು ಹೋದ ಮೇಲೆ ಸೆರಗಿನ ಗಂಟಲ್ಲಿ ಸಿಗುವ ಕಾಸಿನ ಹಾಗೆ.
ಒಂದೊಂದೂ ಹರಿತ.
ಒಂದೂ ನನ್ನ ಅಳತೆಯದಲ್ಲ.

ಹದಿನೈದು ದಿನ ಬಿಟ್ಟು ಬೋಜಮ್ಮ ಬಂದರು,
ಉದ್ದ ತೋಳಿನ ರವಿಕೆ, ಪಾಚಿ ಹಸಿರು.
ಜತೆಗೆ ಬಂದ ಗೆಳತಿಗೆ ಅದೇ ಮಾತು, ಅಕ್ಷರ ತಪ್ಪದೆ,
ನನ್ನನ್ನು ತಾವೇ ಹೆತ್ತವರ ಹೆಮ್ಮೆಯಲ್ಲಿ.
ಈ ಸಲ ನನ್ನ ಬಾಯಿ ಖಾಲಿ ಇತ್ತು.

ರವಿಕೆ ಮಡಚಿ ಕವರಿಗೆ ಹಾಕಿದೆ.
ಕತ್ತರಿಸಿ ಮಿಕ್ಕ ತುಂಡು, ಅಂಗೈಯಗಲ, ಅದನ್ನೂ ಮೇಲಿಟ್ಟೆ.
‘ಚೆಂದ ಉಡಿಸ್ತೀಯ ಅಂದ್ರಲ್ಲ ಆಂಟಿ,
ನನಗೆ ಅಷ್ಟೇ ಬಟ್ಟೆ ಸಾಕಾಯ್ತು.
ಉಳಿದದ್ದು ನಿಮ್ಮದು. ವಾಪಸ್ ಇಟ್ಟಿದೀನಿ.’

ಅವರು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು.
‘ಇದು ಯಾತಕ್ಕಾಗುತ್ತೆ?’
‘ಯಾತಕ್ಕೂ ಆಗಲ್ಲ.’
ಗೆಳತಿ ನಕ್ಕಳು. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ,
ತುಂಡನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು.

ಇಳಿಯುವಾಗ ಏಳನೆಯದೋ ಎಂಟನೆಯದೋ ಮೆಟ್ಟಿಲಲ್ಲಿ
ಒಂದು ಜೋಡಿ ಚಪ್ಪಲಿಯ ಸದ್ದು ನಿಂತಿತು.
ಕೆಳಗೆ ಬನ್ನು ಬೇಯುವ ವಾಸನೆ.
ಆಮೇಲೆ ಸದ್ದು ಇಳಿದುಹೋಯಿತು.
ನಾನು ದಾರದ ತುದಿಯನ್ನು ನಾಲಗೆಗೆ ಒತ್ತಿ
ಸೂಜಿಯ ಕಣ್ಣು ಹುಡುಕತೊಡಗಿದೆ.