ಉಳಿ

ತುಂಬಿದ ಲಾರಿ ತೂಕ ಬರದು
ಖಾಲಿ ಲಾರಿ ತೂಕ ಕಳದು
ವಾಡಿ ಫ್ಯಾಕ್ಟ್ರಿ ಕಾಟಾದಾಗ ಇಪ್ಪತ್ತೊಂಬತ್ತು ವರ್ಷ.
ಕೂಡಸೋದು ಕಳಿಯೋದು ನನಗ ಹೇಳಕೊಡಬ್ಯಾಡ ತಮ್ಮಾ,
ಅಂದೆ ಪಿಂಚಣಿ ಫಾರ್ಮ್ ತಂದ ಇಮ್ತಿಯಾಜಗ.

ಛಲೋ ಹುಡುಗ ಅದಾನ.
ಪೆನ್ಸಿಲ್ಲಿಲೆ ಎರಡು ಚೌಕ ತೋರಸ್ದ.
ಒಂದರಾಗ, ನೀವು ಇರೋತನ ಪೂರ್ತಿ ರೊಕ್ಕ.
ಇನ್ನೊಂದರಾಗ ತಿಂಗಳಾ ಹನ್ನೊಂದು ನೂರಾ ನಲವತ್ತು ಕಡಿಮಿ,
ನೀವು ಹೋದಮ್ಯಾಲ ಅರ್ಧ, ಹಿಂದ ಉಳದವರಿಗಿ.
ಕಡ್ಡಾಯ ಏನಿಲ್ಲರಿ, ನಿಮ್ಮ ಖುಷಿ.

ಆಮ್ಯಾಲ ದನಿ ಸಣ್ಣ ಮಾಡಿದ.
"ಕಾಕಾಗ ಕೆಮ್ಮ ಅದಲ್ಲ,
ನಿಮಗಿಂತ ಒಂಬತ್ತು ವರ್ಷ ದೊಡ್ಡವರು ಬ್ಯಾರೆ.
ಲೆಕ್ಕ ಹಚ್ಚಿದ್ರ, ಸುಮ್ನ ವೇಸ್ಟ್ ಆಗ್ತದರಿ ಅಕ್ಕಾ."

ಅವನ ಲೆಕ್ಕ ತಪ್ಪಿಲ್ಲ.
ಶಹಾಬಾದ ಖಣಿಯಾಗ ಫರಸಿ ಸೀಳಿ ಸೀಳಿ
ಮೂವತ್ತು ವರ್ಷದ ಧೂಳ ಎದಿಯಾಗ ಇಟಗೊಂಡಾರ ನಮ್ಮವರು.
ರಾತ್ರಿ ಅವರ ಉಸಿರು
ನೆಲದ ಮ್ಯಾಲ ಕಲ್ಲು ಎಳದಂಗ ಸಪ್ಪಳ ಮಾಡ್ತದ.
ಕಲಬುರಗಿ ಡಾಕ್ಟರು ಎದಿ ಫೋಟೋ ಬೆಳಕಿಗಿ ಹಿಡದು
ನನ್ನ ಮಾರಿ ನೋಡಿದ್ರು, ಅವರ ಮಾರಿ ನೋಡಲಿಲ್ಲ.
ನಾದಿನಿಯಂತೂ ಈಗೀಗ
ನನ್ನ ಬಳಿ ಕಡಿ ನೋಡಕೋತ ಮಾತಾಡ್ತಾಳ.

ಎಲ್ಲಾರೂ ಒಂದೇ ಕಡಿ ಪಣಾ ಕಟ್ಟ್ಯಾರ.
ಒಬ್ಬರರ ಆ ಕಡಿ ಕಟ್ಟಬ್ಯಾಡೇನು?

ಎರಡನೇ ಚೌಕದಾಗ ಗೆರಿ ಎಳದೆ.
ಬಾಯಿಲೆ ಎಂದೂ ಅನ್ನದ ಹೆಸರು
ಪೆನ್ನಿಲೆ ಬರದೆ, ಮಾಪಣ್ಣ ತಂದಿ ಭೀಮಶಾ.
ಅಕ್ಷರ ಸೊಟ್ಟ ಆದವು.

ಮನ್ಯಾಗ ಹೇಳಲಿಲ್ಲ.
ಮೂರನೇ ತಿಂಗಳಾ ಪಾಸ್‌ಬುಕ್ಕಿನಾಗ ಸಿಕ್ಕಬಿದ್ದೆ.
ತಾಟ ಸರಿಸಿದ್ರು. "ಸಾಯೋ ಮನಷ್ಯಾ ನಾ,
ನನ್ನ ಹೆಸರಿಲೆ ರೊಕ್ಕ ನೀರಿಗಿ ಹಾಕ್ತೀಯೇನು?
ಅಷ್ಟರಾಗ ಒಂದು ಸಿಲಿಂಡರ್ ಬರ್ತಿತ್ತು,
ನಿನ್ನ ಮೊಣಕಾಲಿಗಿ ಗುಳಗಿ ಬರ್ತಿತ್ತು..."
ಕೆಮ್ಮ ಬಂತು. ಮಾತು ಅಲ್ಲೇ ಮುರೀತು.
ನೀರು ಕೊಟ್ಟೆ.
ಕುಡದು, ಭಾಳ ಹೊತ್ತಿನ ಮ್ಯಾಲ ಕೇಳಿದ್ರು,
"ಅರ್ಧ ಅಂದ್ರ ಎಷ್ಟು?"

ಹೇಳಿದೆ.
ಬೆರಳ ಮಡಚಿ ಎಣಸಿದ್ರು. ಜ್ವಾಳ, ಚಾಪುಡಿ, ಬೀಡಿ...
ನನ್ನ ಕಣ್ಣ ನೋಡಿ ಆ ಬೆರಳ ಮತ್ತ ಬಿಚ್ಚಿದ್ರು.
"ಒಬ್ಬಂವಗ ಸಾಕಾಗ್ತದ ಬಿಡು.
ಖರೆ, ರೊಟ್ಟಿ ಬಡಿಲಾಕ ಬರಲ್ಲಲ್ಲ ನನಗ."

ವರ್ಷಕ್ಕೊಮ್ಮಿ ನವಂಬರದಾಗ
ಜೀವಂತ ಅದೀನಿ ಅಂತ ಹೆಬ್ಬಟ್ಟು ಒತ್ತಬೇಕು ಮಶೀನಿಗಿ.
ನನ್ನದು ಒತ್ತಲಾಕ ಹೋದಾಗ ಅವರನ್ನೂ ಕರಕೊಂಡು ಹೋದೆ,
ನಾಳಿಗಿ ರೂಢಿ ಇರಲಿ ಅಂತ.
ಹೆಬ್ಬಟ್ಟು ಇಟ್ಟರು, ಕೆಂಪು ದೀಪ.
ವರಸಿ ಇಟ್ಟರು, ಕೆಂಪು.
ಎಡಗೈದು ಇಟ್ಟರು.
"ಅಜ್ಜಾ, ನಿಮ್ಮ ಬೆರಳಿಗಿ ಗೆರೀನೇ ಇಲ್ಲ" ಅಂದಳು ಬ್ಯಾಂಕಿನ ಹುಡುಗಿ.

ಎಲ್ಲಿಂದ ಇರಬೇಕು!
ಉಳಿ ಹಿಡದ ಕೈ ಅದು.
ಕಲ್ಲು ಸವದಷ್ಟೂ ಬೆರಳೂ ಸವದದ,
ಯಾರ್‍ಯಾರದೋ ಪಡಸಾಲಿ ನೆಲದಾಗ, ಬಚ್ಚಲದಾಗ, ಟೇಸನ್ ಕಟ್ಟಿ ಮ್ಯಾಲ
ಬಿದ್ದಾವ ಅವರ ಗೆರಿ, ಮಂದಿ ತುಳದು ಹೋಗ್ತಾರ.
ಕಣ್ಣು ತೋರಸಿದ್ರೂ ನಡೀತದಂತ. ಆ ಮಶೀನ್ ರಿಪೇರಿಗಿ ಹೋಗ್ಯಾದ.

ಈಗ ದಿನಾ ರಾತ್ರಿ
ಕುಸಬಿ ಎಣ್ಣಿ ಬೆಚ್ಚಗ ಮಾಡಿ
ಅವರ ಹೆಬ್ಬಟ್ಟು ನನ್ನ ತೊಡಿ ಮ್ಯಾಲ ಇಟಗೊಂಡು ತಿಕ್ಕತೀನಿ.
"ಹುಚ್ಚಿ, ಎಣ್ಣಿ ಹಚ್ಚಿದ್ರ
ಕಲ್ಲಿಗಿ ಗೆರಿ ಮೂಡತಾವೇನು?"
ಕೈ ಮಾತ್ರ ಜಗ್ಗಕೊಳ್ಳಲ್ಲ.

ಸುಮ್ನ ಕುಂಡ್ರರಿ.
ನವಂಬರ್ ಇನ್ನಾ ದೂರ ಅದ.