ಕಾಯುವ ಗುಂಡಿ

ಕತ್ತಿಗೆ ಬಿಳಿ ಪಟ್ಟಿ, ಮೇಲೆ ಚಾವಣಿ,
ನೋಡಿಕೊಂಡಿರಲು ಅಲ್ಲೊಂದು ಹಲ್ಲಿಯೂ ಇಲ್ಲ.
ಪುಯೆಬ್ಲಾದ ಸರಕಾರಿ ಆಸ್ಪತ್ರೆ, ಹನ್ನೊಂದನೆಯ ದಿನ.
ಮಗಳು ನಯೆಲಿ ತನ್ನ ಪುಟ್ಟ ವಿಡಿಯೊ ಗೇಮನ್ನು
ನನ್ನ ಎದೆಯ ಮೇಲಿಟ್ಟು ಶಾಲೆಗೆ ಹೋದಳು:
"ಇದರಲ್ಲೂ ಕುಸ್ತಿ ಇದೆ ಅಪ್ಪಾ. ಬೇಜಾರಾದರೆ ಆಡು."

ಅಂಗೈಯಗಲದ ಅಖಾಡ.
ಮೊದಲು ಕಾಯಿಸುತ್ತದೆ.
ಒಂದು ಚಕ್ರ ತಿರುಗುತ್ತದೆ, ತಿರುಗುತ್ತದೆ,
ನರ್ಸ್ ಬಂದು ಜ್ವರ ನೋಡಿ ಬರೆದುಕೊಂಡು
ಹೋದ ಮೇಲೂ ತಿರುಗುತ್ತಲೇ ಇರುತ್ತದೆ.
ನಾವೂ ಕಾಯಿಸುತ್ತಿದ್ದೆವು ಜನರನ್ನು, ನಿಜ.
ಆದರೆ ಪರದೆಯ ಹಿಂದೆ ನಮಗೇ ಹೊಟ್ಟೆ ತೊಳಸುತ್ತಿತ್ತು,
ಇಲಾರಿಯೊ ಮೂರು ಸಲ ಉಚ್ಚೆಗೆ ಹೋಗಿಬರುತ್ತಿದ್ದ.

ನನ್ನನ್ನು ನಾನೇ ಮಾಡಿಕೊಳ್ಳಲು ಹೋದೆ.
ಹೊಟ್ಟೆ ಕೊಡಲಿಲ್ಲ. ನಲವತ್ತಮೂರು ವಯಸ್ಸು ಕೊಡಲಿಲ್ಲ.
ಮುಖವಾಡಕ್ಕೆ ನಾಲ್ಕೇ ಬಣ್ಣ;
ನನ್ನದು ಬದನೆಯ ಬಣ್ಣ, ಬಾಯಿಯ ಬಳಿ ಹೊಲಿಗೆ ಬಿಟ್ಟದ್ದು,
ಹೆಂಡತಿ ಬೇರೆ ದಾರದಲ್ಲಿ ಹೊಲಿದದ್ದು.
ಕೊನೆಗೆ ನೀಲಿಯವನೊಬ್ಬ ಬಂದು ನಿಂತ,
ಭುಜ ಎರಡೂ ಲಾರಿಯ ಬಂಪರಿನ ಹಾಗೆ.
ಇವನಿಗೆ ಬಾಡಿಗೆ ಬಾಕಿ ಇದ್ದಂತಿಲ್ಲ.

ಪ್ರೇಕ್ಷಕರು? ಎಣಿಸಿದೆ. ಏಳು ಮುಖ.
ಇಡೀ ಗ್ಯಾಲರಿಗೆ ಏಳೇ,
ರಟ್ಟಿನಲ್ಲಿ ಕತ್ತರಿಸಿ ನೆಟ್ಟಂತೆ. ಒಟ್ಟಿಗೇ ಕೈ ಎತ್ತುತ್ತವೆ.
ನಮ್ಮ ಸೋಮವಾರದ ದೋನ್ಯಾ ಚೋಲೆ ಎಲ್ಲಿ?
ಮೊದಲ ಸಾಲಿನ ಕುರ್ಚಿ, ಇಪ್ಪತ್ತು ವರ್ಷ.
ನಾನು ಖಳ, ಹಾಗಾಗಿ ಚಪ್ಪಲಿ ಕಳಚಿ ಬೆನ್ನಿಗೆ ಬಾರಿಸುತ್ತಾಳೆ,
ನನ್ನ ಅಮ್ಮನನ್ನೂ ಅಮ್ಮನ ಅಮ್ಮನನ್ನೂ ಸೇರಿಸಿ ಬೈಯುತ್ತಾಳೆ.
ಮೊನ್ನೆ ಆ ಕೈಯೇ ಡಬ್ಬಿಯಲ್ಲಿ ಕೋಳಿಸಾರು ಕಳಿಸಿತ್ತು,
ಜೊತೆಗೊಂದು ಚೀಟಿ: "ಬೇಗ ಎದ್ದು ಬಾ, ನಾಯಿ."

ರೆಫರಿ ಹಗ್ಗದಲ್ಲಿ ಸಿಕ್ಕಿಕೊಂಡು
ನಡೆಯುತ್ತಲೇ ಇರುತ್ತಾನೆ, ಎಲ್ಲೂ ಹೋಗದೆ.
ವೀಕ್ಷಕ ವಿವರಣೆಯವನ ಬಳಿ ಒಂಬತ್ತು ವಾಕ್ಯ.
"ಇಂಥ ಏಟು ಹಿಂದೆಂದೂ ಕಂಡಿಲ್ಲ" ಎನ್ನುತ್ತಾನೆ
ನಿಮಿಷಕ್ಕೆರಡು ಸಲ, ಅದೇ ಏಟಿಗೆ.
ನನ್ನ ಮೊಣಕೈ ಎದುರಾಳಿಯ ಎದೆ ತೂರಿ ಬೆನ್ನಲ್ಲಿ ಹೊರಟಿತು;
ಅವನು ಹುಬ್ಬು ಕೂಡ ಗಂಟಿಕ್ಕಲಿಲ್ಲ.

ಇದೆಲ್ಲ ಹೋಗಲಿ. ನಗಬಹುದು.
ನಕ್ಕರೆ ಕತ್ತು ನೋಯುತ್ತದೆ, ಆದರೂ.

ನಾನು ಹುಡುಕಿದ್ದು ಬೇರೆ ಗುಂಡಿ.
ಎಡದ್ದು ಹೊಡೆಯಲು, ಬಲದ್ದು ಎತ್ತಲು,
ಎರಡೂ ಒತ್ತಿದರೆ ಎತ್ತಿ ಒಗೆಯಲು.
ಎತ್ತಿದವನ ತಲೆಯಡಿ ತೊಡೆ ಕೊಡಲು ಯಾವುದು?
ಬೀಳಿಸುವ ಮುನ್ನ ಕಿವಿಯಲ್ಲಿ "ಈಗ" ಅನ್ನಲು?
ಅಂಗೈಯನ್ನು ಎರಡು ಸಲ ಹಿಸುಕಿ ಕೇಳಲು, ಸರಿಯಿದ್ದೀಯಾ,
ಒಂದು ಸಲ ಹಿಸುಕಿ ಹೇಳಲು, ಇದ್ದೇನೆ?
ಇದ್ದಬದ್ದ ಗುಂಡಿಯೆಲ್ಲ ಒತ್ತಿದೆ.
ಒದ್ದ, ಕುಣಿದ, ಏಳು ಮುಖಗಳಿಗೆ ತೋಳು ತೋರಿಸಿದ.
ಕಾಯಿಸುವುದು ಬಲ್ಲದು ಈ ಆಟ.
ಕಾಯುವುದನ್ನು ಇದಕ್ಕೆ ಯಾರೂ ಕಲಿಸಿಲ್ಲ.

ಹದಿನಾರು ವರ್ಷ ಇಲಾರಿಯೊ ನನ್ನನ್ನು
ವಾರಕ್ಕೆರಡು ಸಲ ತಲೆಕೆಳಗು ಮಾಡಿ ಕೊಂದಿದ್ದಾನೆ,
ಮೊಟ್ಟೆ ಇಳಿಸಿದ ಹಾಗೆ ಇಳಿಸಿದ್ದಾನೆ.
ಹನ್ನೊಂದು ದಿನದ ಹಿಂದೆ ಬೆವರಿಗೆ ಮಂಡಿ ಜಾರಿತು.
ಅಷ್ಟೆ.
ಬಿದ್ದ ಮೇಲೆ ಅವನ ಕೈ ನನ್ನ ಅಂಗೈ ಹುಡುಕಿ
ಹಿಸುಕಿತು ಎರಡು ಸಲ. ಮತ್ತೆ ಎರಡು. ಮತ್ತೆ.
ಜನ ಇನ್ನೂ ಕೇಕೆ ಹಾಕುತ್ತಿದ್ದರು.

ಸಂಜೆ ಬಂದ. ಮುಖವಾಡವಿಲ್ಲದ ಮುಖ,
ಸೀಬೆಹಣ್ಣಿನ ಚೀಲ. ಕುರ್ಚಿಯಿದ್ದೂ ನಿಂತೇ ಇದ್ದ.
"ಆಡ್ತೀಯಾ?" ಎಂದೆ. ಕೊಟ್ಟೆ.
ಅವನ ದಪ್ಪ ಹೆಬ್ಬೆರಳಿಗೆ ಮೂರು ಗುಂಡಿ ಒಟ್ಟಿಗೆ ಸಿಕ್ಕವು.
ಎದುರಾಳಿ ನೀಲಿಯವನನ್ನು ಎತ್ತಿದ,
ತಲೆಕೆಳಗು ಮಾಡಿದ, ಇನ್ನೇನು ನೆಲ ಮುಟ್ಟಬೇಕು,
ಬ್ಯಾಟರಿ ಸತ್ತಿತು.

ಕಪ್ಪು ಗಾಜಿನಲ್ಲಿ ಇಬ್ಬರ ಮುಖ, ಚಿಕ್ಕದಾಗಿ.
ಚಾರ್ಜರ್ ನಯೆಲಿಯ ಚೀಲದಲ್ಲಿ.
ಅವನು ಅದನ್ನು ಹಾಗೇ ಹಿಡಿದುಕೊಂಡು ಕೂತ,
ಎರಡೂ ಕೈಯಲ್ಲಿ, ಕೆಳಗೆ ಬೀಳದ ಹಾಗೆ.