ಷರಾ

ಲಿಂಗಸುಗೂರು, ಮೇ ತಿಂಗಳು,
ಹಗಲಿನ ಸರಾಸರಿ ಗರಿಷ್ಠ ತಾಪ
ಹದಿಮೂರು ಪಾಯಿಂಟ್ ಆರು ಡಿಗ್ರಿ
ಎಂದಿತು ಯಂತ್ರ.
ರಾಯಚೂರಿನ ಆಫೀಸಿನಲ್ಲಿ ಕೂತು ಓದಿದೆ.
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತಿತ್ತು,
ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ.

ದೋಷ ಹುಡುಕುವುದೆಂದರೆ ಕಳೆಯುತ್ತ ಹೋಗುವುದು.
ಮೂವತ್ತು ವರ್ಷ ತೆಗೆದೆ, ದೋಷ ಹಾಗೇ ಇತ್ತು.
ಮಳೆಯ ಕಾಲಂ, ಗಾಳಿಯ ಕಾಲಂ ತೆಗೆದೆ,
ಹಾಗೇ ಇತ್ತು.
ಕೊನೆಗೆ ಅಂಗೈಯಲ್ಲಿ ಹಿಡಿಯುವಷ್ಟು, ಮೂರೇ ಸಾಲು:

    ೪೩.೨
    ೪೧.೮
    ಕೀಲಿ ಸಿಗಲಿಲ್ಲ

ಮೂರನೆಯದು ತಾಯಪ್ಪನ ಕೈಬರಹ.
ಅವತ್ತು ಥರ್ಮಾಮೀಟರಿನ ಪೆಟ್ಟಿಗೆಗೆ ಬೀಗ,
ಕೀಲಿ ಸಾಹೇಬರ ಜೇಬಿನಲ್ಲಿ,
ಸಾಹೇಬರು ಮಸ್ಕಿಯ ಬೀಗರ ಮನೆಯಲ್ಲಿ.
ಅಂದಾಜಿಗೆ ನಲವತ್ತೆರಡು ಗೀಚಬಹುದಿತ್ತು,
ಯಾರು ಕೇಳುತ್ತಿದ್ದರು?
ಗೀಚಲಿಲ್ಲ.

ಒಂದು ಮಾತು ಕಣ್ಣಿಗೆ ಬಿದ್ದದ್ದೇ
ಇಡೀ ಕಾಲಂ ಮಾತೆಂದು ಬಗೆಯಿತು ಫಂಕ್ಷನ್ನು.
ಅಂಕಿಗಳೆಲ್ಲ ಹೆಸರಾದವು,
ಹೆಸರುಗಳನ್ನು ರೇಷನ್ ಸಾಲಿನಂತೆ ನಿಲ್ಲಿಸಿ ಟೋಕನ್ ಹಂಚಿತು.
ಅಂಕಿ ವಾಪಸು ಕೊಡು ಎಂದರೆ
ಟೋಕನ್ ನಂಬರು ಕೊಟ್ಟಿತು:
ಎರಡು, ಒಂದು, ಮೂರು.
ಸಿಗದ ಕೀಲಿಗೂ ಮೂರು.

ಚೀಟಿ ಹಿಡಿದು ಮಹಡಿ ಹತ್ತಿದೆ.
ಫಂಕ್ಷನ್ನು ಬರೆದವನು ಸೂಗೂರೇಶ.
“ತಪ್ಪಲ್ರೀ ಮೇಡಂ ಇದು, ನಾ ಮಾಡಿದ್ದ ಹಂಗ.
ಹೆಲ್ಪ್ ಪುಟದಾಗ ಬರದೀನಿ ನೋಡ್ರಿ, ಕೊನೀ ಸಾಲು.”
“ಕೊನೀ ಸಾಲಿನ ಮಟ ಯಾರು ಹೋಗ್ತಾರಪಾ?”
“ನಡುವ ನಿಲ್ಲಿಸಿದ್ರ ಬೈತಾರ್ರೀ.
ರಾತ್ರಿ ಹಚ್ಚಿ ಮಲಗಿರ್ತಾರ,
ಮುಂಜಾನಿ ಕೆಂಪಕ್ಷರ ಕಂಡ್ರ ನನಗ ಫೋನು.”
“ತಾಯಪ್ಪ ನಿಂತನಲ್ಲ, ಗೊತ್ತಿಲ್ಲ ಅಂತ.
ನಿನ್ನ ಫಂಕ್ಷನ್ನಿಗೇನು ದಾಡಿ?”

ಆಯ್ತು, ಒಂದು ಸ್ವಿಚ್ ಇಡೋಣ ಎಂದ.
ಸ್ವಿಚ್ ಮೊದಲಿಗೆ ಯಾವ ಕಡೆ ಇರಬೇಕು?
ಅದೊಂದಕ್ಕೇ ಎರಡು ಸಂಜೆ ಹೋದವು.
ತಟ್ಟೆಯಲ್ಲಿ ಮಿರ್ಚಿ ತಣ್ಣಗಾದವು,
ಆ ತಿಂಗಳು ಊರಲ್ಲಿ ತಣ್ಣಗಾದದ್ದು ಅದೊಂದೇ.

ನಾನು ಗೆದ್ದೆನೆಂದು ಹೇಳಲಾರೆ.
ಫಂಕ್ಷನ್ನು ಈಗಲೂ ನಿಲ್ಲುವುದಿಲ್ಲ,
ಹಳದಿ ಅಕ್ಷರದಲ್ಲಿ ಒಂದು ಎಚ್ಚರಿಕೆ ಉಸುರಿ ಮುಂದೆ ಹೋಗುತ್ತದೆ.
ಸೂಗೂರೇಶ ಇವತ್ತಿಗೂ ಅದನ್ನು ದೋಷ ಅನ್ನುವುದಿಲ್ಲ.
ನಾನು ಬೇರೇನೂ ಅನ್ನುವುದಿಲ್ಲ.

ಮೇಲಿನಿಂದ ಸೂಚನೆ ಬಂತು:
ಅಂಕಿಯ ಹೊರತು ಏನನ್ನೂ ಬರೆಯಕೂಡದೆಂದು
ತಾಯಪ್ಪನಿಗೊಂದು ಸುತ್ತೋಲೆ ಕಳಿಸಿ.
ಅರ್ಧ ಟೈಪು ಮಾಡಿ ಅಳಿಸಿದೆ.
ಜೂನಿನ ನಮೂನೆಯಲ್ಲಿ, ತಾಪದ ಬಲಕ್ಕೆ
ಒಂದು ಗೆರೆ ಹೆಚ್ಚಿಗೆ ಎಳೆದು
ತಲೆಯಲ್ಲಿ ಬರೆದೆ: ಷರಾ.

ಜುಲೈ ಮೂರಕ್ಕೆ ನಮೂನೆ ತುಂಬಿ ಬಂತು.
ಮೂವತ್ತು ದಿನ, ಮೂವತ್ತು ಅಂಕಿ.
ಷರಾದಲ್ಲಿ, ಒಂದನೇ ತಾರೀಖಿನೆದುರು ಮಾತ್ರ,
ಅದೇ ದುಂಡು ಅಕ್ಷರ:
ಕೀಲಿ ಈಗ ನನ್ನ ಹತ್ರ ಐತಿ.